ನೆರಳು ಬೇಡವೆಂದ ಓಣಿ

ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಓಣಿಯಲ್ಲಿ ಯಾರೂ ಗೋಡೆಗೆ ಬೆನ್ನು ಕೊಟ್ಟು ಕೂರುವುದಿಲ್ಲ. ಗೋಡೆ ಸುಡುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಕೂಗಳತೆಯಲ್ಲಿರುವ ಈ ಓಣಿಗೆ ಕಾಗದದ ಮೇಲೆ ಬೇರೆ ಹೆಸರಿದೆ. ಆದರೆ ಇಲ್ಲಿನ ನಲವತ್ತು ಮನೆಗಳಲ್ಲಿ ಮೂವತ್ತಕ್ಕೂ ಹೆಚ್ಚು ಮನೆಗಳ ತಲೆಯ ಮೇಲೆ ತಗಡೇ ಇರುವುದರಿಂದ ಆಟೋದವರು, ಅಂಚೆಯವರು ಎಲ್ಲರೂ ತಗಡಿನ ಓಣಿ ಎಂದೇ ಕರೆಯುತ್ತಾರೆ. ಒಳಗೆ ಕುಳಿತರೆ ಮೇಲಿನಿಂದ ತಗಡಿನ ಕಾವು, ಎದುರಿಗೆ ರಾಶಿ ಹಾಕಿದ ಕಾಯಿಯ ಘಾಟು. ಹೊರಗೆ ಕೂರೋಣವೆಂದರೆ ಕೈಯಗಲ ನೆರಳೂ ಇಲ್ಲ.

ತಾಜಬಿ ಆ ದಿನವೂ ಒಳಗೇ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ಅಷ್ಟೂ ವರ್ಷ ಇದೇ ಕೆಲಸ ಮಾಡಿ ಒಬ್ಬಳೇ ಮಗಳನ್ನು ಬೆಳೆಸಿ, ಪಿಯುಸಿವರೆಗೆ ಓದಿಸಿ, ಹಾವೇರಿಯ ಅನುಕೂಲಸ್ಥ ಮನೆಗೆ ಮದುವೆ ಮಾಡಿಕೊಟ್ಟಿದ್ದಳು. ಆ ಮಗಳು ಫರ್ಹಾನಾ ಈಗ ಎಂಟು ತಿಂಗಳ ಬಸುರಿ. ಸೀಮಂತದ ಕುಬಸ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು ಹದಿನೈದು ದಿನವಾಗಿತ್ತು. ಹೊಸ್ತಿಲ ಬಳಿ ಒದ್ದೆ ಗೋಣಿಚೀಲದ ಮೇಲೆ ಕಾಲು ಚಾಚಿ, ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

ಆಶಾ ಕಾರ್ಯಕರ್ತೆ ಮೈಲವ್ವ ತಲೆಯ ಮೇಲೆ ಸೆರಗು ಹೊದ್ದು ಒಳಗೆ ಬಂದಳು.

“ಏನ್ ತಾಜಬಿ, ಮಗಳನ್ನ ಹಪ್ಪಳದಾಂಗ ಒಣಗಿಸಾಕತ್ತೀ ಏನ?”

“ಬರ್ರಿ ಮೈಲವ್ವಾರ, ಕುಂದರ್ರಿ. ನಿಮ್ಮ ಬಾಯಾಗ ಒಂದ್ ಚಲೋ ಮಾತ ಬರೂದಿಲ್ಲ ನೋಡ್ರಿ.”

ಮೈಲವ್ವ ಫರ್ಹಾನಾಳ ಕಾಲಿನ ಬಾವು ಒತ್ತಿ ನೋಡಿದಳು. ನಾಲಿಗೆ ತೋರಿಸಲು ಹೇಳಿದಳು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಎಂದು ಕೇಳಿದಳು. ಫರ್ಹಾನಾ ತಾಯಿಯ ಮುಖ ನೋಡಿ, ದನಿ ತಗ್ಗಿಸಿ, “ಭಾಳ ಕುಡಿಯೂದಿಲ್ರಿ. ಕುಡದ್ರ ಪಾಯಖಾನಿಗೆ ಹೋಗಬೇಕಲ್ರಿ. ಅದೂ ತಗಡಿಂದ. ಬಾಗಲಾ ಹಾಕ್ಕೊಂಡ್ರ ಒಳಗ ಬೆಂದಾಂಗ ಆಕ್ಕೈತಿ” ಎಂದಳು.

ಮೈಲವ್ವ ಚೀಲದಿಂದ ಉಷ್ಣತೆ ಅಳೆಯುವ ಗಾಜಿನ ಕೊಳವೆಯೊಂದನ್ನು ತೆಗೆದು, ಗೋಡೆಯ ಮೊಳೆಗೆ ತೂಗುಹಾಕಿ, ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ನೋಡಿದಳು.

“ನಲವತ್ತೆರಡು. ನಿನ್ನೆ ಇದ ಹೊತ್ತಿನ್ಯಾಗ ಅಂಗನವಾಡಿ ಮುಂದಿನ ಬೇವಿನ ಗಿಡದ ಬುಡಕ ಮೂವತ್ತಾರ ಇತ್ತು. ನಡುವ ಎಷ್ಟ ಹಾದಿ ಐತಿ ಹೇಳು? ನಾಕ ಓಣಿ.”

“ಊರಿಗೆಲ್ಲಾ ಒಬ್ಬನ ಸೂರ್ಯ ಅಲ್ಲೇನ್ರಿ?”

“ಸೂರ್ಯ ಒಬ್ಬನವಾ. ನೆರಳ ಎಲ್ಲಾರಿಗೂ ಒಂದ ಇಲ್ಲ. ನನ್ನ ದಾಖಲಿ ಬುಕ್ಕ ನೋಡು. ಬ್ಯಾಸಿಗ್ಯಾಗ ತಲಿ ತಿರುಗಿ ಬಿದ್ದವರು, ಕೆಮ್ಮು-ದಮ್ಮು ಅಂದವರು, ಉಚ್ಚಿ ಉರಿ ಅಂದವರು, ಮುಕ್ಕಾಲು ಮಂದಿ ಪ್ಯಾಟಿ ಬಾಜೂಕಿನ ಈ ನಾಕ ಓಣ್ಯಾವ್ರು ನೀವ. ಕಾಯಿ ಬಿಡಸಾವ್ರೂ ನೀವ, ಘಾಟು ಕುಡಿಯಾವ್ರೂ ನೀವ. ಕಾಯಿ ಮಾರಾವ್ರ ಮನಿ ಮುಂದ ಮಾತ್ರ ಗಿಡ.”

“ಗಿಡ ಇದ್ರ ಹೊಟ್ಟಿ ತುಂಬತೈತೇನ್ರಿ?” ತಾಜಬಿಯ ಕೈ ಕಾಯಿಯ ಮೇಲೆ ಓಡುತ್ತಲೇ ಇತ್ತು. “ಕಾಯಿ ಇದ್ರ ತುಂಬತೈತಿ.”

ಮೈಲವ್ವ ರೇಗಲಿಲ್ಲ. ಹತ್ತಿರ ಸರಿದು ಕುಳಿತು ಬಿಡಿಸಿ ಹೇಳಿದಳು. ಬಸುರಿಯ ಮೈ ಮೊದಲೇ ಬಿಸಿ. ಅದರೊಳಗೆ ಇನ್ನೊಂದು ಜೀವದ ಕಾವೂ ಸೇರಿರುತ್ತದೆ. ಬೆವರು ಸುರಿದು ಮೈಯ ನೀರು ಕಡಿಮೆಯಾದರೆ ಕೂಸಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು. ದಿನ ತುಂಬುವ ಮೊದಲೇ ನೋವು ಬರಬಹುದು. “ಹಾವೇರಿಗೆ ಕಳಸು ತಾಜಬಿ. ಅವರ ಮನಿ ಮುಂದ ಉದ್ಯಾನ ಐತಿ ಅಂತ ನೀನ ಹೇಳಿದ್ದಿ. ಹೆರಿಗಿ ಆದಮ್ಯಾಲ, ಮಳಿ ಬಿದ್ದಮ್ಯಾಲ ಕರಕೊಂಡ ಬಾ.”

“ಏನ ಮಾತರೀ ಇದು. ಚೊಚ್ಚಲದ್ದು ತವರಾಗ ಆಗಬೇಕು. ನಲವತ್ತ ದಿನ ನಾನ ಎರದು, ನಾನ ಕಾಸಬೇಕು. ಈಗ ತಿರುಗಿ ಕಳಿಸಿದ್ರ ಬೀಗತಿ ಏನಂದಾಳು? ಬಡವಿ, ಮಗಳಿಗೆ ಒಂದೀಟ ನೆರಳ ಕೊಡಾಕ ಆಗಲಿಲ್ಲ ಅನ್ನೂದಿಲ್ಲೇನು?”

“ಅಂದ್ರ ಅನ್ನಲಿ ಬಿಡು.”

“ನಿಮಗ ಹೇಳೂದು ಸಸಾರ.”

“ಹೋಗ್ಲಿ, ಇಷ್ಟಾರ ಮಾಡು. ಹನ್ನೊಂದರಿಂದ ನಾಕರ ತನಕ ಈಕೀನ ಅಂಗನವಾಡಿಗೆ ಕರಕೊಂಡ ಬಂದು ಕುಂದ್ರಸು. ತಗಡಿಗೆ ಮ್ಯಾಲಿಂದ ಸುಣ್ಣ ಬಳಿಸು. ತಾಸಿಗೊಮ್ಮೆ ನೀರ, ಮಜ್ಜಿಗಿ ಕುಡಸು. ಕೂಸು ಮಿಸುಕೂದು ಕಡಿಮಿ ಆತು, ತಲಿ ಸಿಡಿಯಾಕತ್ತು ಅಂದ್ರ ಆ ಘಳಿಗೀಗೆ ನನಗ ಫೋನ್ ಮಾಡು.”

ತಾಜಬಿ ಹೂಂ ಎಂದಳು. ಮಜ್ಜಿಗೆ ಮಾಡಿ ಕುಡಿಸಿದಳು. ಆದರೆ ಅಂಗನವಾಡಿಗೆ ಕರೆದುಕೊಂಡು ಹೋಗಲಿಲ್ಲ. ಹಾವೇರಿಯ ಸೊಸೆ ಊರ ಮಂದಿಯ ಕಣ್ಣೆದುರು ಅಂಗನವಾಡಿಯ ಕಟ್ಟೆಯ ಮೇಲೆ ಕುಳಿತಿರುವುದು ಅವಳಿಗೆ ಕಾಣಿಸಿದಂತಾಯಿತು, ಮನಸ್ಸು ಹಿಂದೆಗೆಯಿತು. ಸುಣ್ಣ ಬಳಿಯುವುದನ್ನು ನಾಳೆ, ನಾಡಿದ್ದು ಎಂದು ಮುಂದೆ ಹಾಕಿದಳು.

ಅವಳು ಮೈಲವ್ವನಿಗೆ ಹೇಳದ ಇನ್ನೊಂದು ವಿಷಯವಿತ್ತು. ಹೇಳಬೇಕಾಗಿಯೂ ಇರಲಿಲ್ಲ, ಅದು ಓಣಿಗೆಲ್ಲ ಗೊತ್ತಿತ್ತು.

ಮೂರು ವರ್ಷದ ಹಿಂದಿನವರೆಗೆ ಈ ಓಣಿಯ ನಡುವಿನ ಖುಲ್ಲಾ ಜಾಗದಲ್ಲಿ ಆರು ಬೇವಿನ ಮರ, ಎರಡು ಹೊಂಗೆ ಮರ ಇದ್ದವು. ಬಡಾವಣೆ ಮಾಡಿದಾಗ ನಕ್ಷೆಯಲ್ಲಿ ಅದನ್ನು ಉದ್ಯಾನಕ್ಕೆಂದು ಬಿಟ್ಟಿದ್ದರು. ಬೇಲಿ ಇರಲಿಲ್ಲ, ಫಲಕ ಇರಲಿಲ್ಲ, ಯಾರೂ ಅದನ್ನು ಉದ್ಯಾನ ಎಂದು ಕರೆಯುತ್ತಿರಲಿಲ್ಲ. ಹೆಂಗಸರು ಅಲ್ಲಿಯೇ ಕುಳಿತು ಕಾಯಿ ಬಿಡಿಸುತ್ತಿದ್ದರು, ಮಕ್ಕಳು ಅಲ್ಲಿಯೇ ಓದುತ್ತಿದ್ದವು, ಮುದುಕರು ಅಲ್ಲಿಯೇ ನಿದ್ದೆ ಹೋಗುತ್ತಿದ್ದರು.

ಆದರೆ ಮೆಣಸಿನಕಾಯಿಯ ಕೆಲಸ ಮಾಡುವವರಿಗೆ ನೆರಳು ಎಂಬುದು ಒಳ್ಳೆಯ ಮಾತಲ್ಲ. ಕಾಯಿ ಒಣಗುವಾಗ ನೆರಳು ಬಿದ್ದರೆ ಬಣ್ಣ ಕೆಡುತ್ತದೆ, ಬಿಳಿ ಕಲೆ ಬೀಳುತ್ತದೆ, ತೇವ ಉಳಿದು ಬೂಸು ಹಿಡಿಯುತ್ತದೆ. ಬೇವಿನ ಎಲೆ ಬಿದ್ದರೆ ಆರಿಸಬೇಕು. ಕಾಗೆ ಕುಳಿತರೆ ಅದರ ಹಿಕ್ಕೆ ಬೇರೆ. ವ್ಯಾಪಾರಿ ವಿಜಯಮಹಾಂತೇಶ ಒಂದು ದಿನ ಬಂದು ಮರಗಳನ್ನು ನೋಡಿ, “ಈ ಗಿಡ ಒಂದ ಇಲ್ದಿದ್ರ ಇಲ್ಲೇ ಕಣಾ ಮಾಡಬಹುದಿತ್ತು ನೋಡ್ರಿ. ಒಣಗಸೂದು ನಿಮಗ, ಬಿಡಸೂದು ನಿಮಗ. ಪ್ಯಾಟಿ ತನಕ ಚೀಲಾ ಹೊತ್ತು ತಿರಗೂದು ತಪ್ಪತಿತ್ತು” ಎಂದ. ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದನ್ನೆಲ್ಲ ಮಾಡಿದ.

ಗಿಡಗಳಿಂದ ಓಣಿಯ ಜನರಿಗೆ ತೊಂದರೆಯಾಗುತ್ತಿದೆ, ಹುಳಹುಪ್ಪಡಿಯ ಕಾಟ ಹೆಚ್ಚಿದೆ, ತೆಗೆಸಿಕೊಡಬೇಕು ಎಂದು ಪುರಸಭೆಗೆ ಅರ್ಜಿ ಬರೆದದ್ದು ಅವನ ಗುಮಾಸ್ತ. ಅದನ್ನು ಹಿಡಿದು ಮನೆಮನೆ ತಿರುಗಿ ಮೂವತ್ತಾರು ಹೆಬ್ಬೆಟ್ಟು, ಸಹಿ ಹಾಕಿಸಿದವಳು ತಾಜಬಿ. ಮೊದಲ ಸಹಿ ಅವಳದೇ. ಮರಗಳು ಎರಡು ದಿನದಲ್ಲಿ ಉರುಳಿದವು. ಕೊಂಬೆಗಳನ್ನು ಎಲ್ಲರೂ ಹಂಚಿಕೊಂಡರು. ಆ ಚಳಿಗಾಲ ಇಡೀ ಓಣಿಗೆ ಪುಕ್ಕಟೆ ಉರುವಲು. ನೀರು ಚೆನ್ನಾಗಿ ಕಾದಿತ್ತು.

ಮೈಲವ್ವ ಬಂದು ಹೋದ ಮರುದಿನ ಅಳಿಯ ಸಮೀವುಲ್ಲಾನ ಫೋನ್ ಬಂತು.

“ಅತ್ತೀ, ಈ ಸಲ ಬಿಸಲ ಭಾಳ ಐತ್ರಿ. ಅಮ್ಮಾ ದಿನಾ ಕೇಳಾಕತ್ತಾಳ. ನಾಳೆ ಗಾಡಿ ತಗೊಂಡ ಬರಲೇನ್ರಿ?”

“ಬ್ಯಾಡ ಬೇಟಾ. ಇಲ್ಲಿ ಏನೂ ತ್ರಾಸ ಇಲ್ಲ. ಕೂಲರ್ ತಂದೇನಿ.”

ಫೋನು ಫರ್ಹಾನಾಳ ಕೈಗೆ ಹೋಯಿತು. ಅವಳು ತಾಯಿಯನ್ನೇ ನೋಡುತ್ತ, “ಹೂಂರಿ, ಚಲೋ ತಂಪೈತ್ರಿ” ಎಂದಳು. ಫೋನು ಇಟ್ಟ ಮೇಲೆ ಕೇಳಿದಳು: “ಕೂಲರ್ ಯಾವ ಮೂಲ್ಯಾಗ ಇಟ್ಟೀ ಅಮ್ಮೀ? ನನಗ ಕಾಣವಲ್ದು.”

ಇಬ್ಬರೂ ನಕ್ಕರು. ಮಗಳು ತನ್ನ ಮಾನ ಉಳಿಸಿದಳೆಂದು ತಾಜಬಿಗೆ ಹೆಮ್ಮೆಯೂ ಆಯಿತು.

ಅದಾಗಿ ನಾಲ್ಕನೆಯ ದಿನ. ಮಧ್ಯಾಹ್ನ ಎರಡು ದಾಟಿತ್ತು. ತಾಜಬಿ ಕಣದಲ್ಲಿ ಕಾಯಿ ತಿರುವಿ ಹಾಕುತ್ತಿದ್ದಳು, ಸಂಜೆಯೊಳಗೆ ಚೀಲ ತುಂಬಬೇಕಿತ್ತು. ಪಕ್ಕದ ಮನೆಯ ಪ್ರೇಮವ್ವ ಒಂದು ಕೊಡ ನೀರು ಕೇಳಲು ಹೋದವಳು ಬಾಗಿಲಲ್ಲೇ ನಿಂತು ಕೂಗಿದಳು.

“ತಾಜಬಿ, ಲಗೂ ಬಾರ. ಹುಡಿಗಿ ಏನೇನೋ ಮಾತಾಡಾಕತ್ತಾಳ.”

ಫರ್ಹಾನಾಳ ಮೈ ಕಾದ ಹಂಚಿನಂತಿತ್ತು. ಬೆವರಿನ ಹನಿಯೂ ಇರಲಿಲ್ಲ. ಕಣ್ಣು ಅರ್ಧ ತೆರೆದು, “ಕೂಸು ಮುಂಜಾನಿಂದ ಮಿಸುಕಿಲ್ಲ ಅಮ್ಮೀ. ಹೇಳಿದ್ರ ನೀ ಕೆಲಸಾ ಬಿಡ್ತೀಯಂತ ಸುಮ್ಮನಿದ್ದೆ” ಎಂದಳು.

ಪ್ರೇಮವ್ವನ ಫೋನಿನಲ್ಲಿ ಮೈಲವ್ವನ ದನಿ ಗಟ್ಟಿಯಾಗಿ ಕೇಳುತ್ತಿತ್ತು. “ಆ ತಗಡಿನ ಬುಡಕ ಇಡಬ್ಯಾಡ್ರಿ. ಹೊರಗ ತಗೊಂಡ ಬಂದು ನೆರಳಾಗ ಎಡಮಗ್ಗಲಕ ಮಲಗಸ್ರಿ. ಬಟ್ಟಿ ಸಡಲ ಮಾಡ್ರಿ. ಕುತ್ತಿಗಿಗೆ, ಕಂಕಳಕ ಒದ್ದಿ ಬಟ್ಟಿ ಇಡ್ರಿ, ಗಾಳಿ ಹಾಕ್ರಿ. ಖಬರ, ಎಚ್ಚರ ಇಲ್ಲಂದ್ರ ಬಾಯಾಗ ನೀರ ಹಾಕಬ್ಯಾಡ್ರಿ. 108ಕ್ಕ ನಾ ಹೇಳ್ತೇನಿ, ಹೊಂಟೇನಿ.”

ನಾಲ್ಕು ಹೆಂಗಸರು ಫರ್ಹಾನಾಳನ್ನು ಚಾದರದಲ್ಲಿ ಎತ್ತಿಕೊಂಡು ಹೊರಗೆ ಬಂದರು. ಬಂದು, ನಿಂತರು. ನೆರಳಿನಲ್ಲಿ ಮಲಗಿಸಿ ಎಂದಿದ್ದಳು ಮೈಲವ್ವ. ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಕೆಂಪಗೆ ಹರಡಿದ ಕಾಯಿ, ಅದರ ಆಚೆ ತಗಡು, ತಗಡಿನ ಆಚೆ ಮತ್ತೆ ತಗಡು. ಬಸುರಿಯನ್ನು ಎತ್ತಿಕೊಂಡವರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಿಸಿಲಿನಲ್ಲೇ ಒಂದು ಸುತ್ತು ತಿರುಗಿದರು.

ಕೊನೆಗೆ ಕಂಡದ್ದು ಕಾಯಿಯ ಚೀಲ ಹೇರಿಕೊಂಡು ನಿಂತಿದ್ದ ಲಾರಿ. ಅದರ ಮಗ್ಗುಲಿಗೆ ಮೊಳದಗಲದ ನೆರಳು ಬಿದ್ದಿತ್ತು. ಅಲ್ಲಿಯೇ ಮಲಗಿಸಿದರು. ಚೀಲಗಳಿಂದ ಉದುರಿದ ಖಾರದ ಧೂಳಿಗೆ ಫರ್ಹಾನಾ ಕೆಮ್ಮಿದಳು. ಕೆಮ್ಮಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡಳು.

“ಅಕ್ಕಾರ, ಲೋಡ್ ಆಗೈತ್ರಿ, ನಾ ಹೊಂಡಬೇಕು” ಎಂದ ಲಾರಿ ಡ್ರೈವರ್.

“ಗಾಡಿ ಹಂದ್ಯಾಡಿಸಿದಿ ಅಂದ್ರ ಗಾಲಿ ಮುಂದ ನಾ ಮಲಗ್ತೇನಿ ನೋಡು” ಎಂದಳು ಪ್ರೇಮವ್ವ. ಡ್ರೈವರ್ ಇಳಿದು ಬಂದು, ತನ್ನ ನೀರಿನ ಕ್ಯಾನನ್ನು ತಾನೇ ತಂದಿಟ್ಟ.

ಹಾವೇರಿಗೆ ಹೊರಟ ಆಂಬುಲೆನ್ಸ್ ಮೋಟೆಬೆನ್ನೂರು ದಾಟುವಾಗ ಫರ್ಹಾನಾಳಿಗೆ ನೋವು ಶುರುವಾಗಿತ್ತು. ಜೊತೆಗೆ ಕುಳಿತಿದ್ದ ಪ್ರೇಮವ್ವ ಕದರಮಂಡಲಗಿ ಹನುಮಪ್ಪನಿಗೆ ಹರಕೆ ಹೊತ್ತಳು. ತಾಜಬಿ ಬಾಯಲ್ಲಿ ದುವಾ ಹೇಳುತ್ತಿದ್ದಳು, ಆದರೆ ಕೈ ಮಾತ್ರ ತನಗೆ ತಾನೇ ಕಾಯಿಯ ತೊಟ್ಟು ಮುರಿಯುವಂತೆ ಆಡುತ್ತಿತ್ತು.

ಆ ರಾತ್ರಿ ಜಿಲ್ಲಾ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಒಂದು ಕಿಲೋ ಆರುನೂರು ಗ್ರಾಂ. ಅಳು ಹೊರಗಿನವರಿಗೆ ಕೇಳುವಷ್ಟೂ ಇರಲಿಲ್ಲ. ನವಜಾತ ಶಿಶುಗಳ ಘಟಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಪ್ಪತ್ತೆರಡು ದಿನ ಇಟ್ಟರು. ದಾದಿಯರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಕೂಸು ಉಳಿಯಿತು.

“ಬಿಸಲಿಂದ ಹಿಂಗಾತೇನ್ರಿ?” ಎಂದು ತಾಜಬಿ ವೈದ್ಯೆಯನ್ನು ಕೇಳಿದಳು. ಅಲ್ಲ ಎಂಬ ಉತ್ತರಕ್ಕೆ ಆಸೆಪಟ್ಟು ಕೇಳಿದ್ದಳು.

“ದಿನಾ ತುಂಬೂ ಮೊದಲ ಹೆರಿಗಿ ಆಗಾಕ ಕಾರಣ ಭಾಳ ಇರತಾವಮ್ಮ. ಇದ ಒಂದ ಅಂತ ನಾ ಬರಕೊಡಾಕ ಬರೂದಿಲ್ಲ” ಎಂದರು ಅವರು. “ಆದ್ರ ಮೈಯಾಗ ನೀರ ಇರಲಿಲ್ಲ, ಜ್ವರಕ್ಕಿಂತ ಹೆಚ್ಚ ಕಾವಿತ್ತು. ಅಂಥಾ ಮನ್ಯಾಗ ಇರದಿದ್ರ ಚಲೋ ಇತ್ತು.”

ಅಂಥಾ ಮನೆ. ತಾಜಬಿ ಆ ಮಾತನ್ನು ಯಾರಿಗೂ ಹೇಳಲಿಲ್ಲ.

ಬೀಗತಿ ಜರೀನಾ ಬೈಯಲಿಲ್ಲ. ಬೈದಿದ್ದರೆ ತಾಜಬಿ ತಿರುಗಿ ಒಂದು ಮಾತಾಡಬಹುದಿತ್ತು. ಆಸ್ಪತ್ರೆಯಿಂದ ಬಿಡುವ ದಿನ ಜರೀನಾ ಕೂಸಿನ ಬಟ್ಟೆ ಮಡಚುತ್ತ, “ಆಪಾ, ನಲವತ್ತ ದಿನಾ ನಮ್ಮ ಮನ್ಯಾಗ ಇರಲಿ. ನೀವು ಬಂದ್ ಬಂದ್ ಹೋಗ್ರಿ. ನಿಮ್ಮದ ಮನಿ ಅಂತ ತಿಳಕೋರಿ” ಎಂದಳು.

ತಾಜಬಿ ಮಗಳನ್ನು ನೋಡಿದಳು. ಬ್ಯಾಡ, ಅಮ್ಮೀ ಮನಿಗೆ ಹೋಕ್ಕೇನಿ ಎಂದು ಮಗಳು ಹೇಳಬೇಕಿತ್ತು. ಕೂಲರ್ ಇದೆ ಎಂದು ಹೇಳಿದವಳು ಇದನ್ನೂ ಹೇಳುತ್ತಾಳೆ ಎಂದುಕೊಂಡಿದ್ದಳು.

“ನಾ ಅಲ್ಲಿಗೆ ಬರೂದಿಲ್ಲ ಅಮ್ಮೀ” ಎಂದಳು ಫರ್ಹಾನಾ. “ಕೂಸಿನ್ನ ತಗೊಂಡು ಆ ಮನಿಗೆ ಬರೂದಿಲ್ಲ.”

ಹೀಗೆ ತಾಜಬಿ ತಾನು ಮಾಡಬೇಕಾಗಿದ್ದ ಬಾಣಂತನವನ್ನು ನೋಡಲು ವಾರಕ್ಕೊಮ್ಮೆ ಬಸ್ಸು ಹತ್ತಿ ಹಾವೇರಿಗೆ ಹೋದಳು. ಅತಿಥಿಯಂತೆ ಚಪ್ಪಲಿ ಬಿಟ್ಟು, ಅತಿಥಿಯಂತೆ ಚಹಾ ಕುಡಿದು ಬಂದಳು. ಆ ಮನೆಯ ಎದುರಿಗೆ ಉದ್ಯಾನ. ದೊಡ್ಡದೇನಲ್ಲ, ಹತ್ತು ಮನೆಯ ಜಾಗ. ಮೂರು ಕಡೆ ಹೊಂಗೆ, ಒಂದು ಮೂಲೆಯಲ್ಲಿ ನೇರಳೆ. ಬೆಳಿಗ್ಗೆ ವಯಸ್ಸಾದವರು ನಡೆಯುತ್ತಿದ್ದರು, ಸಕ್ಕರೆ ಕಾಯಿಲೆ ಹತೋಟಿಗೆ ಬಂತೆಂದು ಹೇಳಿಕೊಳ್ಳುತ್ತಿದ್ದರು. ಸಂಜೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಕೂರುತ್ತಿದ್ದರು. ಕಿಟಕಿಯಿಂದ ಬರುವ ಗಾಳಿಯಲ್ಲಿ ಖಾರವಿರಲಿಲ್ಲ.

“ಈ ಗಿಡ ಸರಕಾರದವರು ಹಚ್ಚಿದ್ದೇನ್ರಿ?” ತಾಜಬಿ ಒಮ್ಮೆ ಕೇಳಿದಳು.

“ಎಲ್ಲಿ ಸರಕಾರ ಆಪಾ” ಎಂದಳು ಜರೀನಾ. “ಯಾರೋ ಇಲ್ಲಿ ಅಂಗಡಿ ಸಾಲು ಎಬ್ಬಸ್ತೇವಿ ಅಂತ ಬಂದಿದ್ರು. ಇಲ್ಲಿ ವಕೀಲರು, ಮಾಸ್ತರರು ಅದಾರಲ್ರಿ. ಎಲ್ಲಾರೂ ಹೋಗಿ ನಕ್ಷೆ ತಗಸಿದ್ರು, ತಕರಾರ ಅರ್ಜಿ ಕೊಟ್ರು, ಕಚೇರಿ ಬಾಗಲಾ ಹಿಡದ್ ಕುಂತ್ರು. ಆಮ್ಯಾಲ ಗಿಡಾ ಹಚ್ಚಿದ್ರು. ನಿಮ್ಮ ಕಡೆ ಇಂಥಾ ಜಾಗಾ ಬಿಟ್ಟಿಲ್ಲೇನ್ರಿ?”

“ಇಲ್ರಿ” ಎಂದಳು ತಾಜಬಿ. ಅದು ಅವಳು ಆ ಮನೆಗೆ ಹೇಳಿದ ಎರಡನೆಯ ಸುಳ್ಳು.

ಸೆಪ್ಟೆಂಬರಿನಲ್ಲಿ ವಿಜಯಮಹಾಂತೇಶ ಮತ್ತೆ ಬಂದ. ಖುಲ್ಲಾ ಜಾಗಕ್ಕೆ ಸಿಮೆಂಟ್ ಹಾಕಿಸಿ, ಒಂದು ಬದಿಗೆ ದಾಸ್ತಾನಿಗೆ ಶೆಡ್ ಕಟ್ಟಿಸುವ ಯೋಚನೆ ಅವನದು. ಕೈಯಲ್ಲಿ ಹೊಸ ಅರ್ಜಿ.

“ತಾಜಬಿ, ಹೋದ ಸಲದಾಂಗ ಒಂದ ಸುತ್ತ ಹಾಕಿ ಬಾ.”

“ಈ ಸಲ ಆಗೂದಿಲ್ರಿ ಸಾಹುಕಾರ್ರ.”

“ಯಾಕವಾ?”

“ನನ್ನ ಮೊಮ್ಮಗಳು ಈ ಓಣಿ ನೋಡಿಲ್ರಿ. ನೋಡಾಕ ಅವರವ್ವ ಬಿಡವಲ್ಲಳು.”

ವಿಜಯಮಹಾಂತೇಶ ಸಿಟ್ಟು ಮಾಡಲಿಲ್ಲ. “ನೀವು ಒಲ್ಲೆ ಅಂದ್ರ ಕಣಾ ಬ್ಯಾರೆ ಓಣಿಗೆ ಹೋಕ್ಕೈತಿ. ನನಗೇನು, ಬಿಸಲ ಎಲ್ಲಾ ಕಡೆ ಐತಿ” ಎಂದು ಹೇಳಿ ಹೋದ.

ಆ ಸಂಜೆ ಸ್ವಸಹಾಯ ಗುಂಪಿನ ಸಭೆಯಲ್ಲಿ ಹೆಂಗಸರು ತಾಜಬಿಯನ್ನು ಹರಿದು ತಿಂದರು. ಎಲ್ಲರಿಗಿಂತ ಮೊದಲು ಬಾಯಿ ತೆಗೆದವಳು ಪ್ರೇಮವ್ವ.

“ಆವಾಗ ಹೆಬ್ಬಟ್ಟ ಒತ್ರಿ ಅಂತ ಮನಿಮನಿ ತಿರಿಗಿದಾಕಿ ನೀನ. ಈಗ ಬ್ಯಾಡ ಅನ್ನಾಕಿನೂ ನೀನ. ನಿನ್ನ ಮಗಳು ಹಾವೇರ್ಯಾಗ ತಂಪಾಗಿ ಅದಾಳ. ನಮ್ಮ ಮಕ್ಕಳು ಇಲ್ಲೇ ಇರಾವ್ರು.”

“ಅದಕ್ಕ ಹೇಳಾಕತ್ತೇನಿ ಪ್ರೇಮವ್ವಾ. ನಿನ್ನ ಸೊಸಿಗೆ ಈಗ ಎಷ್ಟ ತಿಂಗಳಾ?”

“ಎರಡು.”

“ಎಣಸು.”

ಪ್ರೇಮವ್ವ ಬೆರಳು ಮಡಚಿದಳು. ಏಪ್ರಿಲ್‌ಗೆ ಬಂದು ನಿಂತಳು. ಮೈಲವ್ವನೂ ಅಲ್ಲಿದ್ದಳು. ನಾನು ಆಗಲೇ ಹೇಳಿದ್ದೆ ಎಂದು ಅವಳು ಎತ್ತಿ ಆಡಲಿಲ್ಲ. “ನಕ್ಷೆ ನೋಡೂಣು ನಡೀರಿ, ನಾನೂ ಬರತೇನಿ” ಎಂದಳು ಅಷ್ಟೆ.

ಊರಿನ ಪುರಸಭೆ ಕಚೇರಿಯಲ್ಲಿ ಗುಮಾಸ್ತರು ನಕ್ಷೆ ಬಿಡಿಸಿ ತೋರಿಸಿದರು. ಓಣಿಯ ನಡುವೆ ಒಂದು ಚೌಕ, ಅದಕ್ಕೆ ಹಸಿರು ಬಣ್ಣ. ಅದೇ ಕಡತದಿಂದ ಅವರು ಇನ್ನೊಂದು ಹಾಳೆ ತೆಗೆದು, ಗಟ್ಟಿಯಾಗಿ ಓದಿದರು: ಗಿಡಗಳಿಂದ ಓಣಿಯ ಜನರಿಗೆ ತೊಂದರೆಯಾಗುತ್ತಿದೆ.

“ಮೊದಲನೇ ಸಹಿ ನಿಮ್ಮದಾ?”

“ನಂದರಿ.”

“ಆವಾಗ ಗಿಡ ತೊಂದ್ರಿ ಅಂದ್ರಿ. ಈಗ ಗಿಡ ಬೇಕು ಅಂತೀರಿ. ಏನಂತ ಬರಕೊಳ್ಳಲಿ?”

“ಆವಾಗ ನನಗ ತಿಳೀಲಿಲ್ಲ ಅಂತ ಬರಕೋರಿ” ಎಂದಳು ತಾಜಬಿ. ಹಿಂದೆ ನಿಂತಿದ್ದ ಹದಿನೇಳು ಹೆಂಗಸರ ಎದುರಿಗೆ ಹೇಳಿದಳು.

ಆರು ಸಲ ತಿರುಗಬೇಕಾಯಿತು. ಕೊನೆಗೆ ಆ ಜಾಗ ಉದ್ಯಾನದ್ದೇ, ಅಲ್ಲಿ ಕಾಯಿ ಹರವುವಂತಿಲ್ಲ, ಕಟ್ಟಡ ಕಟ್ಟುವಂತಿಲ್ಲ ಎಂದು ಬರೆದ ಉತ್ತರ ಕೈಗೆ ಬಂತು. ವಿಜಯಮಹಾಂತೇಶ ಹೇಳಿದಂತೆ ಕಣವನ್ನು ಎತ್ತಿಕೊಂಡು ಹೋದ. ತಗಡಿನ ಓಣಿಯ ಹೆಂಗಸರು ಈಗ ಕೆಲಸಕ್ಕೆ ದೂರ ನಡೆಯುತ್ತಾರೆ, ಕೆಲವರಿಗೆ ಕೆಲಸವೂ ಇಲ್ಲ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳುವುದು ಸರಿಯಲ್ಲ.

ಕಣ ಹೋದದ್ದು ಮೂರು ಓಣಿಯ ಆಚೆಗೆ. ಅಲ್ಲಿ ಎರಡು ಹುಣಸೆ ಮರಗಳಿದ್ದವು. ಸುದ್ದಿ ತಿಳಿದು ತಾಜಬಿ ಓಡಿಹೋದಳು. ಅಲ್ಲಿಯೂ ಒಬ್ಬಳು ಅರ್ಜಿ ಹಿಡಿದು ಮನೆಮನೆ ತಿರುಗುತ್ತಿದ್ದಳು. ತಾಜಬಿ ಅವಳ ಕೈ ಹಿಡಿದು ಮಗಳ ಕಥೆ ಹೇಳಿದಳು, ಲಾರಿಯ ಕಥೆ ಹೇಳಿದಳು.

“ಕೆಲಸಾ ನಮ್ಮ ಕಡೆ ಬಂತು ಅಂತ ಹೊಟ್ಟಿಕಿಚ್ಚ ನಿನಗ” ಎಂದಳು ಅವಳು. “ಗಿಡ ಇದ್ರ ಹೊಟ್ಟಿ ತುಂಬತೈತೇನು?”

ಆ ಮರಗಳು ಒಂದೇ ದಿನದಲ್ಲಿ ಉರುಳಿದವು.

ತಗಡಿನ ಓಣಿಯಲ್ಲಿ ಹೆಂಗಸರು ಹನ್ನೆರಡು ಸಸಿ ನೆಟ್ಟರು. ಮೂರು ವರ್ಷ ಖಾರ ಕುಡಿದ, ಲಾರಿಯ ಗಾಲಿಗೆ ಕಲ್ಲಾದ ನೆಲ ಅದು. ನಾಲ್ಕನ್ನು ಆಡು ತಿಂದವು, ಮೂರು ತಾವಾಗಿ ಒಣಗಿದವು. ಉಳಿದ ಐದಕ್ಕೆ ಮುಳ್ಳಿನ ಬೇಲಿ ಕಟ್ಟಿ, ಪಾಳಿ ಹಚ್ಚಿ, ಪಾತ್ರೆ ತೊಳೆದ ನೀರನ್ನೇ ಹಾಕುತ್ತಿದ್ದಾರೆ. ಅವು ಈಗ ಮೊಣಕಾಲೆತ್ತರ. ಕೋಳಿಯೊಂದು ಕೂರುವಷ್ಟು ನೆರಳು ಬೀಳುತ್ತದೆ. ಮುಂದಿನ ಬೇಸಿಗೆಗೂ ಅಷ್ಟೇ, ಅದರ ಮುಂದಿನ ಬೇಸಿಗೆಗೂ ಹೆಚ್ಚೇನಿಲ್ಲ. ಪ್ರೇಮವ್ವ ಮನೆಯ ತಗಡಿಗೆ ಸುಣ್ಣ ಬಳಿಸಿದ್ದಾಳೆ. ಫೆಬ್ರವರಿಯಿಂದಲೇ ಸೊಸೆಯನ್ನು ಕೈಹಿಡಿದು ಅಂಗನವಾಡಿಯ ಬೇವಿನ ಕೆಳಗೆ ಕೂರಿಸಿ ಬರುತ್ತಾಳೆ. ನೋಡಿದವರು ನಕ್ಕರೆ, “ನಗ್ರಿ, ಹಲ್ಲಿಗೆ ಗಾಳಿ ಆಡಲಿ” ಎನ್ನುತ್ತಾಳೆ.

ಫರ್ಹಾನಾಳ ಮಗಳಿಗೆ ವರ್ಷ ತುಂಬಲು ಬಂದಿದೆ. ನೆಗಡಿಯಾದರೆ ಸಾಕು, ಎದೆ ಗೊರಗೊರ ಎನ್ನುತ್ತದೆ, ಮನೆಮಂದಿಗೆ ನಿದ್ದೆ ಇಲ್ಲ. ಹುಟ್ಟುಹಬ್ಬಕ್ಕೆ ಇಲ್ಲಿಗೇ ಬರ್ರಿ ಎಂದು ತಾಜಬಿ ಫೋ‌ನ್ ಮಾಡಿದ್ದಳು. “ಮಳಿಗಾಲಕ್ಕ ಬರತೇನಿ ಅಮ್ಮೀ” ಎಂದಳು ಫರ್ಹಾನಾ. ಬರುತ್ತಾಳೆ ಎಂದು ತಾಜಬಿ ಎಲ್ಲರಿಗೂ ಹೇಳಿದ್ದಾಳೆ.

ಸ್ವಸಹಾಯ ಗುಂಪಿನಲ್ಲಿ ಕುಳಿತು ಇದನ್ನು ಕೇಳುತ್ತಿರುವ ಅಕ್ಕತಂಗಿಯರೆ, ನೀವು ರಾಣೆಬೆನ್ನೂರಿನವರಿರಲಿ, ಹಾವೇರಿಯವರಿರಲಿ, ಬ್ಯಾಡಗಿಯವರಿರಲಿ, ನಿಮ್ಮ ಓಣಿಯ ನಕ್ಷೆಯಲ್ಲೂ ಉದ್ಯಾನಕ್ಕೆಂದು ಬಿಟ್ಟ ಒಂದು ಜಾಗ ಇರಬಹುದು. ಬೇಲಿ, ಫಲಕ ಇಲ್ಲವೆಂದು ಅದು ಯಾರದೂ ಅಲ್ಲ ಎಂದುಕೊಳ್ಳಬೇಡಿ. ನಿಮ್ಮೂರಿನ ಪುರಸಭೆ, ನಗರಸಭೆ ಕಚೇರಿಗೆ ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ, ನಕ್ಷೆ ತೋರಿಸಿ ಎಂದು ಕೇಳಿ. ಕೇಳಿದ್ದನ್ನು ಬರೆದುಕೊಟ್ಟು, ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಓದು ಬಲ್ಲವರ ಬಡಾವಣೆಗಳಲ್ಲಿ ಮರ ಉಳಿದಿರುವುದು ಅವರು ಹೀಗೆ ಕೇಳಿದ್ದರಿಂದ. ಮನೆಯಲ್ಲಿ ಬಸುರಿ ಇದ್ದರೆ, ಎಳೆಗೂಸು ಇದ್ದರೆ, ವಯಸ್ಸಾದವರಿದ್ದರೆ, ಸುಡುವ ಹೊತ್ತಿನಲ್ಲಿ ತಗಡಿನ ಕೆಳಗೆ ಕೂರಿಸಬೇಡಿ. ನೆರಳಿರುವ ಕಡೆಗೆ ಕರೆದುಕೊಂಡು ಹೋಗಿ, ಅದು ಬೀಗರ ಮನೆಯಾದರೂ ಸರಿ. ಮೈ ಸುಟ್ಟು ಬೆವರು ನಿಂತರೆ, ಮಾತು ತೊದಲಿದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಸಂಜೆವರೆಗೆ ಕಾಯದೆ 108ಕ್ಕೆ ಕರೆ ಮಾಡಿ.

ಮರ ತೆಗೆಸಲು ಯಾರಾದರೂ ಅರ್ಜಿ ಹಿಡಿದು ನಿಮ್ಮ ಬಾಗಿಲಿಗೂ ಬರುತ್ತಾರೆ. ಬರುವವರು ಬಹುಶಃ ನಿಮ್ಮ ನೆರೆಯವರೇ ಆಗಿರುತ್ತಾರೆ, ಹೇಳುವುದು ಕೆಲಸದ ಮಾತೇ ಆಗಿರುತ್ತದೆ. ಹೆಬ್ಬೆಟ್ಟು ಒತ್ತುವ ಮೊದಲು ಅವರನ್ನು ಒಂದು ಮಾತು ಕೇಳಿ: ನಮ್ಮ ಮನೆಯ ಬಸುರಿ ನಾಳೆ ಮಧ್ಯಾಹ್ನ ಎಲ್ಲಿ ಕೂರಬೇಕು? ಜಾಗ ತೋರಿಸಲು ಅವರಿಗೆ ಆಗದಿದ್ದರೆ ಹೆಬ್ಬೆಟ್ಟು ಒತ್ತಬೇಡಿ.